ಎರಡಡಿ ನಾಲ್ಕಿಂಚು

ಹೊರಗಿನಿಂದ ಅಳೆದರೆ ಅರವತ್ತೊಂದಡಿ ಎಂಟಿಂಚು.
ಒಳಗೆ ಕೋಣೆ ಕೋಣೆ ಕೂಡಿಸುತ್ತ ಬಂದರೆ,
ಗೋಡೆಗಳ ದಪ್ಪವನ್ನೂ ಸೇರಿಸಿ,
ಐವತ್ತೊಂಬತ್ತಡಿ ನಾಲ್ಕು.
ಮೂರು ಸಲ ಅಳೆದೆ.
ಟೇಪಿನ ಆ ತುದಿ ಹಿಡಿದ ಹುಡುಗ ಆಕಳಿಸಿದ.
ಜೆಪ್ಪುವಿನ ಈ ಮನೆ
ಎರಡಡಿ ನಾಲ್ಕಿಂಚನ್ನು ಎಲ್ಲೋ ನುಂಗಿ
ಏನೂ ಅರಿಯದ ಹಾಗೆ ಹೊಳೆ ನೋಡುತ್ತ ಕೂತಿದೆ.

ನನ್ನ ಕೆಲಸ ಸಣ್ಣದು.
ಕಾಪಾಡಬೇಕಾದ ಹಳೆಯ ಕಟ್ಟಡಗಳ ಪಟ್ಟಿಗೆ
ನಕ್ಷೆ ಬರೆದು ನಮೂನೆ ತುಂಬುವುದು.
ತಳಪಾಯ: ಮುರಕಲ್ಲು. ಗಾರೆ: ಸುಣ್ಣ, ಬೆಲ್ಲದ ನೀರು.
ಮಾಡು: ಹಂಚು. ಬಾಗಿಲು: ಹಲಸು.
ಬಲ್ಕಾಂವಿನ ಕಂಬ: ಹತ್ತು, ಒಂದರಲ್ಲಿ ಜೇನು.
ಮೆಟ್ಟಿಲ ಸಾಲು ಎರಡು, ಹೆಬ್ಬಾಗಿಲು ಎರಡು,
ಮೇಲೆ ಮಾತ್ರ ಒಂದೇ ಮಾಡು,
ಜಗಳಾಡಿ ಮಲಗಿದವರ ಮೇಲೆ ಒಂದೇ ಕಂಬಳಿಯಂತೆ.

ಎಡಕ್ಕೆ ಲಿಲ್ಲಿಯಾನ್ ಲಸ್ರಾದೊ, ಬಲಕ್ಕೆ ಬೊನಿಫಾಸ್.
ಅವರ ಮುತ್ತಜ್ಜಂದಿರು ಅಣ್ಣತಮ್ಮ,
ಸಾಲ್ವದೋರ್, ಪಾಸ್ಕಲ್.
ಮನೆ ಪಾಲಾಯಿತು. ಯಾವುದಕ್ಕೆಂದು ಈಗ ಯಾರಿಗೂ ಗೊತ್ತಿಲ್ಲ.
ಒಂದು ದೋಣಿ ಹಂಚಿನ ಲೆಕ್ಕ, ಅನ್ನುತ್ತಾಳೆ ಲಿಲ್ಲಿಯಾನ್.
ಹಂದಿ, ಅನ್ನುತ್ತಾನೆ ಬೊನಿಫಾಸ್.
ಇವರಿಬ್ಬರಿಗೆ ಜಗಳವಿಲ್ಲ.
ಸಾರಿನ ಪಾತ್ರೆ ದಿನವೂ ಹಿತ್ತಿಲು ಸುತ್ತಿ ಹೋಗಿ ಬರುತ್ತದೆ,
ನಲವತ್ತೆರಡು ಹೆಜ್ಜೆ, ಎಣಿಸಿದ್ದೇನೆ.
ಜನವರಿಯಲ್ಲಿ ಬೊನಿಫಾಸನ ಮಗಳ ರೋಸ್.
ನಡುಗೋಡೆ ಕೆಡವಿದರೆ ಚಾವಡಿ ಒಂದಾದೀತು,
ಇನ್ನೂರು ಜನ ಕೂರಬಹುದು.
"ಗೋಡೆ ಆಮೇಲಿನದ್ದು ಅಂತ ಬರಿ ಮಗಾ,
ನಿನಗೇನು, ಒಂದು ಗೀಟು."

ನಮೂನೆಯಲ್ಲಿ ಇರುವುದು ಎರಡೇ ಚೌಕ:
ಮೂಲ. ನಂತರದ ಸೇರ್ಪಡೆ.
ಮೂಲವೆಂದರೆ ಇನ್ನು ಮೊಳೆ ಹೊಡೆಯಲೂ ಅಪ್ಪಣೆ ಬೇಕು.
ಸತ್ತವರ ಸಿಟ್ಟಿಗೆ
ಸರಕಾರದ ಕಾವಲು.

ಹಂಚು ಹೊದಿಸುವ ದೂಮಣ್ಣ ಏಣಿ ಹತ್ತಿದ.
ನಡುಗೋಡೆಯ ನೇರಕ್ಕೆ, ರೀಪಿನ ಮೇಲಿಂದ
ಒಂದು ಹಂಚು ಜಾರಿಸಿದ, ಎರಡು, ಮೂರು.
"ಇಲ್ಲಿ ಉಂಟು ನಿಮ್ಮ ಎರಡಡಿ. ಬನ್ನಿ, ನೋಡಿ."

ಒಂದಲ್ಲ, ಗೋಡೆ ಎರಡು.
ಅಣ್ಣನ ಗೋಡೆಗೆ ತಮ್ಮ ಬೆನ್ನು ತಾಗಿಸಲೊಲ್ಲ,
ತಮ್ಮನದಕ್ಕೆ ಅಣ್ಣ ಗೂಟ ಬಡಿಯಲೊಲ್ಲ.
ಅವನದು ಅವನಿಗೆ, ಇವನದು ಇವನಿಗೆ,
ನಡುವೆ ಒಂದೂವರೆ ಗೇಣು ಕತ್ತಲೆ.
ನೂರು ವರ್ಷಕ್ಕೆ ಮೊದಲ ಸಲ
ಅದರೊಳಗೆ ಬಿಸಿಲು ಇಳಿಯಿತು, ಅಂಜುತ್ತ,
ಬಾವಿಗೆ ಇಳಿಯುವವನ ಹಾಗೆ.

ಕೋಣೆಯ ಕಡೆಗೆ ನುಣ್ಣಗೆ, ಬೆಳ್ಳಗೆ ನಿಂತ ಗೋಡೆಗಳು
ಒಂದಕ್ಕೊಂದು ಎದುರಾದ ಕಡೆ
ಸುಣ್ಣ ಕಂಡಿಲ್ಲ.
ಅಲ್ಲಿ ಕರಣೆ ಆಡಿಸಲು ಕೈಗೆ ಜಾಗವೇ ಇರಲಿಲ್ಲ.
ಮುರಕಲ್ಲಿನ ತೂತು ತೂತು ಕೆಂಪು,
ಗಣಿಯಿಂದ ಕಡಿದ ದಿನ ಇದ್ದ ಹಾಗೇ.

"ಎರಡನ್ನೂ ಕಟ್ಟಿದ್ದು ನನ್ನ ಅಜ್ಜನೇ," ದೂಮಣ್ಣ ಅಂದ.
"ಸಂಬಳ ಎರಡು ಕಡೆಯಿಂದ.
ಆದರೆ ಇಷ್ಟೆತ್ತರದ ಒಂಟಿ ಗೋಡೆ ನಿಲ್ಲಬೇಕಲ್ಲ ಮಾರಾಯ್ರೆ.
ಅಲ್ಲಿ ಕೆಳಗೆ ನೋಡಿ."

ನೋಡಿದೆ.
ಆಳದಲ್ಲಿ, ಜೇಡನ ಬಲೆಯ ಹಿಂದೆ,
ಉದ್ದನೆಯ ಕಲ್ಲೊಂದು ಕತ್ತಲೆ ದಾಟಿ
ಆ ಗೋಡೆಯಿಂದ ಈ ಗೋಡೆಯ ಹೊಟ್ಟೆಗೆ ಹೊಕ್ಕಿದೆ.
ಅದರಾಚೆ ಇನ್ನೊಂದು. ಮೂಲೆಯಲ್ಲಿ ಮೂರನೆಯದು.
ಎರಡೂ ಯಜಮಾನರು ಊಟಕ್ಕೆ ಹೋದ ಹೊತ್ತು
ಯಾರಿಗೂ ಹೇಳದೆ ಇಟ್ಟದ್ದು.

ನಕ್ಷೆಗೆ ಕೂತೆ.
ಗೋಡೆಗಳಿಗೆ ಕಪ್ಪು, ನಡುವಿನದಕ್ಕೆ ಕಾಗದದ ಬಿಳಿ.
ಆ ಮೂರು ಕಲ್ಲು, ಈ ಅಳತೆಯಲ್ಲಿ,
ಪೆನ್ಸಿಲಿನ ಮೊನೆಗಿಂತ ಸಣ್ಣವು.
ಆದರೂ ಇಟ್ಟೆ, ಮೂರು ಚುಕ್ಕೆ.
ಚೌಕ ಎರಡೂ ಖಾಲಿ ಇವೆ ಇನ್ನೂ.

ಸೇತುವೆ ಮೇಲೆ ರೈಲು ಹೋಯಿತು, ಮಾಡು ಸಣ್ಣಗೆ ಗಲಗಲಿಸಿತು.
ದೂಮಣ್ಣ ಹಂಚು ಮುಚ್ಚಿ ಇಳಿದು ಬಂದು ಚಾ ಕೇಳಿದ.
ಎರಡು ಬಾಗಿಲಿಂದಲೂ ಬಂತು.
ಎರಡನ್ನೂ ಕುಡಿದ.